ಮಣಿಯ ಕಣ್ಣು ಊದಿದವಳು

ಜನವರಿ ೧೨

ಅಕ್ಕನಿಗೆ,

ಆರು ವರ್ಷದ ಮೇಲೆ ನನ್ನ ಕೈಬರಹ ಕಂಡು ಯಾರೋ ಸತ್ತಿರಬೇಕು ಎಂದುಕೊಳ್ಳಬೇಡ. ಯಾರೂ ಸತ್ತಿಲ್ಲ. ನನಗೊಂದು ವಿಷಯ ಬೇಕಾಗಿದೆ, ಅದನ್ನು ಹೇಳಬೇಕಾದವಳು ನೀನೊಬ್ಬಳೇ. ಅದಕ್ಕೇ ಬರೆಯುತ್ತಿದ್ದೇನೆ.

ನಾನೀಗ ಬಟ್ಟೆ ಅಂಗಡಿಯೊಂದರ ಹಿಂದೆ ಗುಂಡಿ ಹೊಲಿಯುವ ಕೆಲಸ ಮಾಡುತ್ತೇನೆ. ಮೂರನೇ ಮಹಡಿಯಲ್ಲಿ ಒಂದು ಕೋಣೆ. ಹೋದ ವರ್ಷದಿಂದ ಅಷ್ಟು ಮೆಟ್ಟಿಲು ಹತ್ತುವುದರೊಳಗೆ ಎರಡು ಕಡೆ ಕೂರುತ್ತೇನೆ. ಒಣಕೆಮ್ಮು. ಕ್ಷಯ ಎಂದು ಎಂಟು ತಿಂಗಳು ಮಾತ್ರೆ ನುಂಗಿಸಿದರು. ಮೂತ್ರ ಕೆಂಪಾಯಿತೇ ಹೊರತು ಕೆಮ್ಮು ಹೋಗಲಿಲ್ಲ. ಈಗ ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಎದೆಯ ಎಕ್ಸ್‌ರೇ ನೋಡಿ, "ನೀವು ಮೊದಲು ಎಲ್ಲಿ ಕೆಲಸ ಮಾಡ್ತಿದ್ರಿ?" ಎಂದು ಕೇಳಿದರು. ಗಾಜಿನ ಮಣಿ ಮಾಡುವ ಕಡೆ ಎಂದೆ. ಅಲ್ಲಿ ಏನು ಕೆಲಸ ಎಂದರು.

ಎಲ್ಲ ಹೇಳಿದೆ. ಉಕ್ಕಿನ ಕಡ್ಡಿಗೆ ಲೇಪ ಹಚ್ಚಿ ಒಣಗಿಸುತ್ತಾರೆ. ಉರಿಯ ಮುಂದೆ ಕೂತವಳು ಗಾಜಿನ ಕೋಲನ್ನು ಕರಗಿಸಿ ಆ ಕಡ್ಡಿಯ ಮೇಲೆ ಸುತ್ತುತ್ತಾಳೆ. ಆರಿದ ಮೇಲೆ ಮಣಿಯನ್ನು ಕಡ್ಡಿಯಿಂದ ಎಳೆದರೆ ಸುಟ್ಟ ಲೇಪ ತೂತಿನೊಳಗೆ ಉಳಿಯುತ್ತದೆ. ಆ ತೂತಿಗೆ ನಾವು ಕಣ್ಣು ಅನ್ನುತ್ತೇವೆ. ಅದನ್ನು ಸಣ್ಣ ಅರದಿಂದ ಕೆರೆದು, ಬಾಯಿಂದ ಊದಿ, ಬೆಳಕಿಗೆ ಹಿಡಿದು ನೋಡುವುದು ನನ್ನ ಕೆಲಸ. "ದಿನಕ್ಕೆ ಎಷ್ಟು ಕಣ್ಣು?" ಎಂದರು. ಮುನ್ನೂರು, ನಾನೂರು ಎಂದೆ. ಎಷ್ಟು ವರ್ಷ ಎಂದರು. ಹದಿನಾಲ್ಕು ಎಂದೆ. ಅವರು ಪೆನ್ನು ಕೆಳಗಿಟ್ಟರು.

ಲೇಪದಲ್ಲಿ ಏನೇನಿತ್ತು ಎಂದು ಅವರಿಗೆ ತಿಳಿಯಬೇಕಂತೆ. ಬರೆದು ಕಳಿಸು. ಜಗಳವನ್ನು ಆಮೇಲೆ ಮುಂದುವರಿಸೋಣ.

ತಂಗಿ


ಜನವರಿ ೨೯

ಪ್ರೀತಿಯ ಸೊಳ್ಳೆ,

ಆರು ವರ್ಷ ಕಿವಿಯ ಹತ್ತಿರ ಗುಂಯ್ ಅನ್ನದವಳು ಬಂದ ಕೂಡಲೇ ಕಚ್ಚಿದೆ. ಹೇಗಿದ್ದೀ ಅಕ್ಕ ಅಂತ ಒಂದು ಮಾತು ಬೇಡವಾ? ನಾನು ಚೆನ್ನಾಗಿದ್ದೇನೆ. ಮಂಡಿ ನೋವು. ನಿನ್ನ ಭಾವ ಹೋಗಿ ಮೂರು ವರ್ಷವಾಯಿತು, ನಿನಗೆ ತಿಳಿಸೋಣವೆಂದರೆ ವಿಳಾಸವೇ ಇರಲಿಲ್ಲ.

ಲೇಪದಲ್ಲಿ ಏನಿರುತ್ತದೆ? ಜೇಡಿಮಣ್ಣು. ಅಪ್ಪನ ಕಾಲದಿಂದ ಅದೇ. ಬರೀ ಮಣ್ಣು ಎಂದು ನಿನ್ನ ಡಾಕ್ಟರಮ್ಮನಿಗೆ ಹೇಳು. ನೀನು ಹೊಟ್ಟೆ ತುಂಬ ಊಟ ಮಾಡುವವಳಲ್ಲ, ಮೂರನೇ ಮಹಡಿಯಲ್ಲಿ ಗಾಳಿಗೆ ಮೈಯೊಡ್ಡಿ ಕೂರುತ್ತೀಯ, ಕೆಮ್ಮು ಬರದೆ ಇನ್ನೇನು? ಅದಕ್ಕೆಲ್ಲ ನನ್ನ ಮಣಿಯ ಮೇಲೆ ಗೂಬೆ ಕೂರಿಸಬೇಡ.

ಕೆಲಸ ಹಿಡಿತಕ್ಕೆ ಬಂದಿದೆ. ದಂತದ ಬಣ್ಣದ ಕೋಲಿನ ಮೇಲೆ ಆಕಾಶದ ಬಣ್ಣದ ಎಳೆ ಎಳೆದರೆ ಎರಡೂ ಮುಟ್ಟುವ ಕಡೆ ತಾನಾಗಿ ಕಪ್ಪು ಗೆರೆ ಹುಟ್ಟುತ್ತದೆ. ಒಂದರಲ್ಲಿ ತಾಮ್ರವಿದೆ, ಇನ್ನೊಂದರಲ್ಲಿ ಗಂಧಕ, ಅವಕ್ಕೆ ಆಗಿಬರುವುದಿಲ್ಲ. ಉರಿ ಜಾಸ್ತಿಯಾದರೆ ಗೆರೆ ಕೊಳೆಯ ಹಾಗೆ ಹರಡುತ್ತದೆ, ಕಡಿಮೆಯಾದರೆ ಏಳುವುದೇ ಇಲ್ಲ. ಮೂರು ತಿಂಗಳು ಗುದ್ದಾಡಿ ಆ ಅಂದಾಜು ಹಿಡಿದೆ. ನೀನು ಕಣ್ಣು ಕೆರೆಯುತ್ತಿದ್ದ ಹಲಗೆಯ ಮುಂದೆ ಈಗ ನಾಲ್ಕು ಜನ ಹೆಂಗಸರು ಕೂರುತ್ತಾರೆ. ನಾಲ್ವರು ಸೇರಿದರೂ ನಿನ್ನ ಕೈ ಬರುವುದಿಲ್ಲ.

ಇನ್ನೊಂದು. ಆ ದಿನ ವ್ಯಾಪಾರಿ ನಿನ್ನನ್ನು ನೋಡಿ ಇವರ್ಯಾರು ಎಂದಾಗ "ಕೆಲಸದವಳು" ಎಂದೆ. ತಲೆಗೂದಲವರೆಗೆ ಬಿಳಿ ಪುಡಿ ಮೆತ್ತಿಕೊಂಡು ಕೂತವಳನ್ನು ತಂಗಿ ಅನ್ನಲು ಒಂದು ಕ್ಷಣ ನಾಚಿಕೆಯಾಯಿತು. ಅನ್ನಬಾರದಿತ್ತು. ಆದರೆ ಒಂದೇ ಮಾತಿಗೆ ಮಾರನೇ ದಿನ ಪೆಟ್ಟಿಗೆ ಕಟ್ಟುವುದಾ?

ನಿನ್ನ ಅಕ್ಕ


ಫೆಬ್ರವರಿ ೧೬

ಅಕ್ಕ,

ನಿನ್ನ ಕಾಗದ ಓದಿ ನಕ್ಕೆ. ನಕ್ಕರೆ ಕೆಮ್ಮು, ಕೆಮ್ಮಿದರೆ ಪಕ್ಕದ ಕೋಣೆಯವರು ಗೋಡೆ ಕುಟ್ಟುತ್ತಾರೆ. ಭಾವನ ಸುದ್ದಿ ಓದಿ ಬಹಳ ಬೇಸರವಾಯಿತು. ನನ್ನ ಪಾಲಿನ ಮೊಸರನ್ನವನ್ನೂ ತಾನೇ ತಿಂದು, ಬೆಕ್ಕಿನ ಮೇಲೆ ಹೇಳುತ್ತಿದ್ದ ಮನುಷ್ಯ.

ಮಣ್ಣು ಎಂದು ಡಾಕ್ಟರಮ್ಮನಿಗೆ ಹೇಳಿದೆ. "ಬರೀ ಮಣ್ಣಿಗೆ ಶ್ವಾಸಕೋಶ ಹೀಗಾಗಲ್ಲಮ್ಮ. ಇದು ಕಲ್ಲಿನ ಹುಡಿ" ಎಂದರು. ಎಕ್ಸ್‌ರೇಯನ್ನು ದೀಪಕ್ಕೆ ಹಿಡಿದು ತೋರಿಸಿದರು. ಎದೆ ತುಂಬ ಸಣ್ಣ ಬಿಳಿ ಚುಕ್ಕಿ. ಇದು ವಾಸಿಯಾಗುವ ಕಾಯಿಲೆಯಲ್ಲ, ಉಸಿರಿಗೆ ಆಸರೆ ಕೊಡಬಹುದು ಅಷ್ಟೇ ಎಂದರು. ಅದಕ್ಕೆ ಒಂದು ಯಂತ್ರವಿದೆ, ಮನೆಗೇ ಕೊಡುತ್ತಾರೆ. ಕೊಡುವುದು ಕೆಲಸಗಾರರ ಕಾಯಿಲೆ ಮಂಡಳಿ. ಅದು ಮೂರು ತಿಂಗಳಿಗೊಮ್ಮೆ ಕೂರುತ್ತದೆ, ಈ ಸಲ ಏಪ್ರಿಲ್ ಮೊದಲ ವಾರ. ನಾನು ಎಲ್ಲಿ, ಎಷ್ಟು ವರ್ಷ, ಯಾವ ಪುಡಿಯಲ್ಲಿ ಕೆಲಸ ಮಾಡಿದೆ ಎಂದು ಮಾಲೀಕರು ಬರೆದು ಸಹಿ ಹಾಕಿದ ಕಾಗದ ಬೇಕು. ಅದಿಲ್ಲದಿದ್ದರೆ ನನ್ನ ಪಾಲಿಗೆ ಮತ್ತೆ ಕ್ಷಯದ ಮಾತ್ರೆಯೇ.

ಮಾಲೀಕಳು ನೀನು. ಒಂದು ಹಾಳೆ ಅಕ್ಕ, ಅಷ್ಟೇ.

ತಂಗಿ


ಮಾರ್ಚ್ ೨೪

ಸೊಳ್ಳೆ,

ತಡವಾಯಿತು, ಬೈಯಬೇಡ. ಬರೆಯಲು ಕೂತಾಗಲೆಲ್ಲ ಕೈ ಉರಿಯ ಕಡೆಗೇ ಹೋಗುತ್ತಿತ್ತು. ಈ ತಿಂಗಳು ಬೆಳ್ಳಿಯ ಹಾಳೆ ಸುತ್ತಿ ಮೇಲೆ ತಿಳಿಗಾಜು ಹೊದಿಸುವುದನ್ನು ಪರೀಕ್ಷೆ ಮಾಡಿದೆ. ಹನ್ನೆರಡರಲ್ಲಿ ಹತ್ತು ಸೀಳಿದವು. ತಿಳಿಗಾಜಿನ ಕೋಲು ಬೇರೆ ಕಾರ್ಖಾನೆಯದು. ನೋಡಲು ಒಂದೇ, ಆರುವಾಗ ಕುಗ್ಗುವುದು ಬೇರೆ ಬೇರೆ. ಎರಡನ್ನೂ ಕೂಡಿಸಿ ಕರಗಿಸಿ ನೂಲಿನ ಹಾಗೆ ಎಳೆದು ನೋಡಬೇಕಿತ್ತು, ನೂಲು ಬಾಗಿದರೆ ಅವು ಹೊಂದುವುದಿಲ್ಲ ಎಂದು ಅರ್ಥ. ಇದನ್ನು ಕಲಿಸಿದ್ದು ಅಪ್ಪ. ಗೊತ್ತಿದ್ದೂ ಮಾಡಲಿಲ್ಲ. ತಲೆ ನೆಟ್ಟಗಿರಲಿಲ್ಲ ಈ ತಿಂಗಳು.

ಕಾಗದ ಇದರ ಜೊತೆಗಿದೆ. ಆರು ವರ್ಷದಿಂದ ಹೊಟ್ಟೆಯಲ್ಲಿ ಇಟ್ಟುಕೊಂಡದ್ದನ್ನು ಅದರಲ್ಲಿ ಬರೆದಿದ್ದೇನೆ. "ಇವಳು ನನ್ನ ಒಡಹುಟ್ಟಿದ ತಂಗಿ. ಹದಿನಾಲ್ಕು ವರ್ಷ ನಮ್ಮ ಮನೆಯ ಕೆಲಸದಲ್ಲಿ ನನಗೆ ಸಹಾಯ ಮಾಡಿದ್ದಾಳೆ." ತಂಗಿ ಎಂಬುದರ ಕೆಳಗೆ ಎರಡು ಗೆರೆಯನ್ನೂ ಎಳೆದೆ. ಮಂಡಳಿಯವರೆಲ್ಲ ಓದಲಿ. ಆ ವ್ಯಾಪಾರಿಗೂ ಒಂದು ಪ್ರತಿ ಕಳಿಸಬೇಕು ಅನ್ನಿಸಿತು.

ಲೇಪ ಮಣ್ಣು ಎಂದೇ ಬರೆದಿದ್ದೇನೆ.

ನಿನ್ನ ಅಕ್ಕ


ಏಪ್ರಿಲ್ ೧೫

ಅಕ್ಕ,

ನಿನ್ನ ಕಾಗದವನ್ನು ಮಂಡಳಿಯ ಗುಮಾಸ್ತರು ಕಡತಕ್ಕೆ ಸೇರಿಸದೆ ನನ್ನ ಕೈಗೇ ವಾಪಸ್ ಕೊಟ್ಟರು. ಒಳ್ಳೆಯ ಮನುಷ್ಯ, ವಯಸ್ಸಾದವರು. ನೀನು ಎರಡು ಗೆರೆ ಎಳೆದಿದ್ದೀಯಲ್ಲ, ಸರಿಯಾಗಿ ಅದರ ಮೇಲೇ ಬೆರಳಿಟ್ಟರು. "ತಂಗಿ ಅಂತಿದ್ರೆ ನೀವು ಕೆಲಸಗಾರ್ತಿ ಆಗೋದಿಲ್ಲಮ್ಮ. ಮನೆಯವರು ಮನೆ ಕೆಲಸಕ್ಕೆ ಕೈ ಹಾಕಿದ್ರು ಅಂತ ಆಗುತ್ತೆ. ಇದನ್ನ ಒಳಗೆ ಕಳಿಸಿದ್ರೆ ನಿಮ್ಮ ಅರ್ಜಿ ಇವತ್ತೇ ಮುಗೀತು" ಎಂದರು. ಅಷ್ಟರಲ್ಲಿ ಸಭೆ ಎದ್ದಿತ್ತು. ಇನ್ನು ಜುಲೈಗೆ.

ಅಚ್ಚು ಹಾಕಿದ ನಮೂನೆಯ ನಾಲ್ಕೈದು ಪ್ರತಿ ಕಳಿಸುತ್ತಿದ್ದೇನೆ. ಆರನೇ ಕಾಲಂ ನೋಡು: ಮಾಲೀಕರಿಗೂ ಕೆಲಸಗಾರರಿಗೂ ಇರುವ ಸಂಬಂಧ. ಅಲ್ಲಿ "ಇಲ್ಲ" ಎಂದು ಬರಿ. ನನ್ನ ದಾಖಲೆಯಲ್ಲಿ ಅಪ್ಪನ ಹೆಸರಿದೆ, ನಿನ್ನದರಲ್ಲಿ ಭಾವನ ಹೆಸರು, ಯಾರಿಗೂ ಗೊತ್ತಾಗುವುದಿಲ್ಲ. ಮೇಲೆ "ಕೆಲಸದವಳು" ಎಂದು ಬರಿ. ಆಗ ಬಾಯಿ ತಪ್ಪಿ ಅಂದದ್ದನ್ನು ಈಗ ನನಗೋಸ್ಕರ ಬರಿ.

ಎಂಟನೇ ಕಾಲಂ ಪುಡಿಯದು. ಅಲ್ಲಿ ಮಣ್ಣು ಎಂದು ಬರೆಯಬೇಡ. ಆ ಬಿಳಿ ಕಲ್ಲನ್ನು ಒರಳಿನಲ್ಲಿ ಕುಟ್ಟಿದವಳು ನಾನು, ಮರೆತೆಯಾ? ಡಾಕ್ಟರಮ್ಮನಿಗೆ ನಾನಾಗಿ ಹೇಳಿಲ್ಲ. ನಾನು ಹೇಳಿದರೆ ದೂರು, ನೀನು ಬರೆದರೆ ದಾಖಲೆ.

ನಿನ್ನ ಆ ನಾಲ್ಕು ಜನ ಹೆಂಗಸರು ಈಗಲೂ ಬಾಯಿಂದಲೇ ಊದುತ್ತಾರಾ? ಅವರ ಮುಂದೆ ಒಂದು ಬೋಗುಣಿ ನೀರಿಡು. ಮಣಿಯನ್ನು ನೀರೊಳಗೆ ಮುಳುಗಿಸಿ ಕೆರೆದರೆ ಪುಡಿ ಏಳುವುದಿಲ್ಲ. ನಾನು ಎಷ್ಟೋ ಸಲ ಕೇಳಿದ್ದೆ. "ನೀರು ಮುಟ್ಟಿಸಿದರೆ ಕಣ್ಣಿಗೆ ಪೊರೆ ಬರುತ್ತೆ, ಹೊಳಪು ಹೋಗುತ್ತೆ" ಎಂದು ನೀನೇ ಬಿಡಲಿಲ್ಲ.

ತಂಗಿ


ಏಪ್ರಿಲ್ ೨೮

ನಿನಗೇನು ಬುದ್ಧಿ ಕೆಟ್ಟಿದೆಯಾ?

ಆ ಒಂದು ಮಾತಿಗೆ ಆರು ವರ್ಷ ಮುಖ ತೋರಿಸದವಳು ನೀನು. ಈಗ ಅದೇ ಮಾತನ್ನು ಹಾಳೆಯ ಮೇಲೆ ಬರೆದು, ಸಹಿ ಹಾಕಿ, ಮುದ್ರೆ ಒತ್ತಿ ಕೊಡು ಅನ್ನುತ್ತೀಯ. ಸಂಬಂಧ ಇಲ್ಲ ಎಂದು ನಾನು ಬರೆಯಬೇಕಾ? ಅಮ್ಮ ಹೋದಾಗ ನಿನಗೆ ಎರಡು ವರ್ಷ. ನಿನ್ನನ್ನು ಸೊಂಟದ ಮೇಲೆ ಹೊತ್ತುಕೊಂಡೇ ಗಾಜಿನ ಕೋಲು ಎಳೆಯುವುದನ್ನು ಕಲಿತವಳು ನಾನು. ಕುತ್ತಿಗೆ ಹಿಸುಕಿದರೂ ಬರೆಯುವುದಿಲ್ಲ.

ಕಲ್ಲು ಗಿಲ್ಲು ಏನೂ ಇಲ್ಲ. ಎಂದೋ ಒಮ್ಮೆ ಕುಟ್ಟಿರಬಹುದು. ಅದನ್ನೆಲ್ಲ ಬರೆದುಕೊಟ್ಟರೆ ನಾಳೆ ಅಧಿಕಾರಿ ಬಂದು ಬಾಗಿಲಿಗೆ ಬೀಗ ಜಡಿಯುತ್ತಾನೆ. ಬೇರೆ ಏನಾದರೂ ದಾರಿ ಇದ್ದರೆ ಹೇಳು. ಇಲ್ಲಿಗೆ ಬಾ, ನಾನು ನೋಡಿಕೊಳ್ಳುತ್ತೇನೆ.

ಅಕ್ಕ


ಮೇ ೨೦

ಸೊಳ್ಳೆ,

ಇಪ್ಪತ್ತು ದಿನದಿಂದ ಉತ್ತರವಿಲ್ಲ. ಸಿಟ್ಟಾದರೆ ಸಿಟ್ಟು ಎಂದಾದರೂ ಬರಿ.

ಅಕ್ಕ


ಜೂನ್ ೨೧

ತಂಗಿ,

ನೀನು ಬರೆಯದೇ ಇದ್ದದ್ದಕ್ಕೆ ಈ ಕಾಗದ ಹುಟ್ಟಿತು.

ಎರಡು ವಾರದ ಹಿಂದೆ ಒಂದು ಮಧ್ಯಾಹ್ನ ನಾಲ್ವರಲ್ಲಿ ಒಬ್ಬಳು ಬಂದಿರಲಿಲ್ಲ. ನಿನ್ನ ಜಾಗ ಖಾಲಿ ಇತ್ತು, ಹೋಗಿ ಕೂತೆ. ಇಪ್ಪತ್ತು ವರ್ಷದಲ್ಲಿ ನಾನು ಒಂದು ಕಣ್ಣನ್ನೂ ಕೆರೆದವಳಲ್ಲ. ಉರಿಯ ಮುಂದೆ ಕೂತವಳು ಆ ಹಲಗೆಗೆ ಹೋಗುವುದುಂಟಾ? ಅರ ಹಾಕಿ ಕೆರೆದು ಊದಿದೆ. ಪುಡಿಯೆಲ್ಲ ಹಿಂದಕ್ಕೇ ಬಂದು ನನ್ನ ಕಣ್ಣೊಳಗೆ ಬಿತ್ತು. ಪಕ್ಕದ ಎತ್ತರದವಳು ನಕ್ಕು, "ಊದೋಕೆ ಮುಂಚೆ ಕಣ್ಣು ಮುಚ್ಕೋಬೇಕು ಅಕ್ಕಾ, ಅಷ್ಟೂ ಗೊತ್ತಿಲ್ವಾ?" ಎಂದಳು. ಹಾಗೆಂದು ಅವಳೂ ಕೆಮ್ಮಿದಳು. ಕಿಟಕಿಯ ಬಿಸಿಲು ಹಲಗೆಗೆ ಅಡ್ಡಲಾಗಿ ಬೀಳುವ ಹೊತ್ತು ಅದು. ಮೂವರ ಮುಖದ ಸುತ್ತಲೂ ಪುಡಿ ನಿಂತಿತ್ತು, ಕೆಳಗೆ ಇಳಿಯುತ್ತಲೇ ಇರಲಿಲ್ಲ. ಹದಿನಾಲ್ಕು ವರ್ಷ ನಾನು ಆ ಕಡೆಗೆ ಬೆನ್ನು ಹಾಕಿ ಕೂತಿದ್ದೆ.

ಈಗ ನಿಜ ಹೇಳುತ್ತೇನೆ. ಅಪ್ಪನ ಲೇಪ ಬರೀ ಮಣ್ಣೇ. ಆದರೆ ಮಣಿ ಕಡ್ಡಿಗೆ ಕಚ್ಚಿಕೊಳ್ಳುತ್ತಿತ್ತು, ಎಳೆದರೆ ಅರ್ಧಕ್ಕರ್ಧ ಒಡೆಯುತ್ತಿದ್ದವು. ಅಪ್ಪನ ಕೈ ನಡುಗಲು ಶುರುವಾಗಿ ನಾನು ಉರಿಯ ಮುಂದೆ ಕೂತ ವರ್ಷ ಅದನ್ನು ಸಹಿಸಲಾಗಲಿಲ್ಲ. ಬೂದಿ ಬೆರೆಸಿದೆ, ಗಾಜಿನ ಜೊತೆ ಕರಗಿ ಕೂತಿತು. ಸುಣ್ಣ ಬೆರೆಸಿದೆ, ಗುಳ್ಳೆ ಎದ್ದಿತು. ಹದಿನೇಳನೆಯ ಸಲ ಬೆಣಚುಕಲ್ಲಿನ ಪುಡಿ, ಒಂದು ಪಾಲು ಮಣ್ಣಿಗೆ ಮೂರು ಪಾಲು. ಮಣಿ ತಾನಾಗಿ ಜಾರಿ ಅಂಗೈಗೆ ಬಂತು. "ನೀನು ನನಗಿಂತ ಒಂದು ಕೈ ಮೇಲೆ ಕಣೇ" ಎಂದರು ಅಪ್ಪ. ಅವರ ಬಾಯಿಂದ ಅಂಥ ಮಾತು ಬಂದದ್ದು ಅದೊಂದೇ ಸಲ. ಬೇರೆ ಮಣಿಯವರಿಗೆ ಗುಟ್ಟು ತಿಳಿಯಬಾರದೆಂದು ಕೇಳಿದವರಿಗೆಲ್ಲ ಬರೀ ಮಣ್ಣು ಎಂದೆ. ಹೇಳಿ ಹೇಳಿ ಅದೇ ಬಾಯಿಪಾಠವಾಗಿ, ನಿನಗೂ ಅದನ್ನೇ ಬರೆದೆ. ಆ ಲೇಪ ಗೆದ್ದ ವಾರವೇ ನಿನ್ನನ್ನು ಹಲಗೆಗೆ ಕೂರಿಸಿದ್ದು ನಾನು. ನನ್ನ ಜೀವಮಾನದ ಒಳ್ಳೆಯ ಕೆಲಸ ಅಂದುಕೊಂಡದ್ದನ್ನು ನೀನು ಉಸಿರಿನಲ್ಲಿ ಎಳೆದುಕೊಂಡೆ. ಇದಕ್ಕೆ ಕ್ಷಮೆ ಕೇಳುವುದು ಹೇಗೆಂದು ನನಗೆ ಗೊತ್ತಿಲ್ಲ.

ಆ ಮಧ್ಯಾಹ್ನವೇ ಕಲ್ಲಿನ ಪುಡಿಯ ಡಬ್ಬಿಗಳಿಗೆ ನೀರು ಸುರಿದು ಗುಂಡಿಯಲ್ಲಿ ಹೂಳಿಸಿದೆ. ಸಾಣೆ ಹಿಡಿಯುವವರು ಹೊಳಪಿಗೆ ಬಳಸುವ, ಬೆಣಚಿಲ್ಲದ ಬಿಳಿ ಪುಡಿ ತಂದು ಮಣ್ಣಿಗೆ ಬೆರೆಸಿದೆ. ಸಂಜೆ ನೀರಿನಲ್ಲಿ ನೆನೆಹಾಕಿದರೆ ಬೆಳಿಗ್ಗೆ ಮಣಿ ಬಿಡುತ್ತದೆ, ನೀರಲ್ಲೇ ಕೆರೆಯಬಹುದು. ಕಣ್ಣು ಸ್ವಲ್ಪ ಮಂಜು. ಇರಲಿ. ಇಷ್ಟಕ್ಕೆ ನನಗೆ ಬೇಕಾದದ್ದು ಹನ್ನೊಂದು ದಿನ.

ನಮೂನೆ ಇದರೊಳಗಿದೆ. ಎಂಟನೇ ಕಾಲಂನಲ್ಲಿ ಕಲ್ಲು ಎಂದು ಬರೆದು ಅಳತೆಯನ್ನೂ ಕೊಟ್ಟಿದ್ದೇನೆ. ಬೆರೆಸಿದವಳು ಮಾಲೀಕಳು ಎಂದೂ ಬರೆದಿದ್ದೇನೆ. ಆರನೆಯದಕ್ಕೆ ಮೂರು ನಮೂನೆ ಹಾಳಾದವು. ನಾಲ್ಕನೆಯ ಹಾಳೆಯಲ್ಲಿ ನೀನು ಹೇಳಿದ್ದನ್ನೇ ಬರೆದೆ.

ನಾಲ್ವರನ್ನೂ ನಿನ್ನ ಡಾಕ್ಟರಮ್ಮನ ಹತ್ತಿರ ಕಳಿಸುತ್ತಿದ್ದೇನೆ.

ಅಕ್ಕ


ಜುಲೈ ೨೨

ಅಕ್ಕ,

ಮಂಡಳಿ ಒಪ್ಪಿತು. ಯಂತ್ರ ಬಂದಿದೆ, ಮಂಚದ ಪಕ್ಕ ಗೊರಕೆ ಹೊಡೆಯುತ್ತದೆ. ಥೇಟ್ ಭಾವ. ಆದರೆ ಮೆಟ್ಟಿಲು ಇನ್ನು ಆಗುವುದಿಲ್ಲ. ಹೆಚ್ಚು ಬರೆಯಲೂ ಆಗುವುದಿಲ್ಲ, ಮೂರು ದಿನ ಸೇರಿ ಈ ಒಂದು ಕಾಗದ.

ಒಳಗೆ ಕೂರಿಸಿ, "ಮಾಲೀಕರು ನಿಮಗೆ ಏನಾಗಬೇಕು?" ಎಂದು ಕೇಳಿದರು. "ಏನೂ ಆಗಬೇಕಾಗಿಲ್ಲ" ಎಂದೆ. ಬರೆದುಕೊಂಡರು. ಹೊರಗೆ ಬಂದು ಬೆಂಚಿನ ಮೇಲೆ ಕೂತು ಅತ್ತೆ.

ನಿನ್ನ ನಾಲ್ವರು ಬಂದಿದ್ದರು. ಇಬ್ಬರಿಗೆ ಚುಕ್ಕಿ ಇದೆ. ಎತ್ತರದವಳಿಗೆ ಜಾಸ್ತಿ. ನಾಲ್ವರ ಅರ್ಜಿಯೂ ಅಕ್ಟೋಬರ್ ಸಭೆಗೆ ಹೋಗುತ್ತದೆ. ನಮೂನೆಯ ಕೊನೆಯ ಸಾಲು ಓದಿದೆಯಾ? ಮಾಲೀಕರು ಬರೆದದ್ದರಲ್ಲಿ ಒಂದು ಸುಳ್ಳು ಸಿಕ್ಕಿದರೂ ಆ ಜಾಗದಿಂದ ಬಂದ ಎಲ್ಲ ಅರ್ಜಿಗಳೂ ರದ್ದು. ಅದಕ್ಕೇ ಹೇಳುತ್ತಿದ್ದೇನೆ, ನೀನು ಇಲ್ಲಿಗೆ ಬರಬೇಡ. ನನ್ನನ್ನು ಬೇಗ ಆಸ್ಪತ್ರೆಗೇ ಸೇರಿಸುತ್ತಾರೆ, ಮಂಡಳಿಯವರು ಅಲ್ಲೇ ಓಡಾಡುತ್ತಿರುತ್ತಾರೆ. ನೀನು ಬಾಗಿಲಲ್ಲಿ ನಿಂತು ಸೊಳ್ಳೆ ಅಂದರೆ ಸಾಕು, ಎಲ್ಲ ಹೋಯಿತು. ನಮ್ಮಿಬ್ಬರದು ಒಂದೇ ಮೂಗು ಬೇರೆ.

ಹದಿನೇಳನೆಯ ಲೇಪದ ಮೊದಲ ಮಣಿ ಕಡ್ಡಿಯಿಂದ ಬಿದ್ದಾಗ ನಾನೂ ಅಲ್ಲೇ ಇದ್ದೆ. ಅಪ್ಪ ಹಾಗೆ ಅಂದಾಗ ನಿನ್ನ ಮುಖ ನೋಡಿ ನನಗೂ ಖುಷಿಯಾಗಿತ್ತು. ನಿನ್ನ ಮೇಲೆ ಸಿಟ್ಟಿದೆ, ಇಲ್ಲವೆಂದು ಸುಳ್ಳು ಹೇಳುವುದಿಲ್ಲ. ಸಾಯುವ ತನಕ ಇರುತ್ತದೆ. ಆದರೂ ಕಾಗದ ಬರೆಯುತ್ತಿರು.

ತಂಗಿ


ಆಗಸ್ಟ್ ೯

ಸೊಳ್ಳೆ,

ಸಿಟ್ಟು ಇರಲಿ. ಅದಿದ್ದರೆ ನೀನೂ ಇರುತ್ತೀಯ.

ಬರಬೇಡ ಎಂದೆ, ಬರುವುದಿಲ್ಲ. ಹೋದ ಸೋಮವಾರ ಬಸ್ಸು ಹತ್ತಿ ಅರ್ಧ ದಾರಿ ಬಂದು ಇಳಿದು ವಾಪಸ್ ಹೋದೆ, ಅದನ್ನೂ ಹೇಳಿಬಿಡುತ್ತೇನೆ. ಎತ್ತರದವಳನ್ನು ಕೆಲಸ ಬಿಡಿಸಿ ಮನೆಯಲ್ಲಿ ಕೂರಿಸಿದ್ದೇನೆ. ಅವಳ ಇಬ್ಬರು ಹೆಣ್ಣುಮಕ್ಕಳು ದಿನಾ ಬಂದು ನನ್ನ ಬಾಗಿಲಲ್ಲಿ ನಿಂತು, "ಅಮ್ಮಂಗೆ ಯಂತ್ರ ಯಾವಾಗ ಬರುತ್ತೆ?" ಎಂದು ಕೇಳುತ್ತಾರೆ. ಅಕ್ಟೋಬರ್ ಅನ್ನುತ್ತೇನೆ.

ಉರಿ ಹಚ್ಚಿಲ್ಲ ಈ ವಾರ. ಕೂರಲು ಮನಸ್ಸಿಲ್ಲ. ಊಟ ಮಾಡು. ಅಕ್ಟೋಬರ್ ಕಳೆದ ಮಾರನೆಯ ದಿನ ನಾನು ಅಲ್ಲಿರುತ್ತೇನೆ, ಯಾರು ಏನು ಬರೆದುಕೊಂಡರೂ ಸರಿ.

ನಿನ್ನ ಅಕ್ಕ


ಸೆಪ್ಟೆಂಬರ್ ೧೪

ಮಣಿ ತಯಾರಿಕಾ ಘಟಕದ ಮಾಲೀಕರಿಗೆ,

ವಿಷಯ: ಮೃತ ಕೆಲಸಗಾರ್ತಿಯ ವಸ್ತುಗಳ ವಿಲೇವಾರಿ.

ಮಾನ್ಯರೇ,

ತಮ್ಮ ಘಟಕದ ಮಾಜಿ ಕೆಲಸಗಾರ್ತಿಯೂ ಈ ಮಂಡಳಿಯ ಅರ್ಜಿದಾರರೂ ಆಗಿದ್ದವರು ಇದೇ ತಿಂಗಳ ೯ರಂದು ಬೆಳಿಗ್ಗೆ ಆಸ್ಪತ್ರೆಯಲ್ಲಿ ನಿಧನರಾದರೆಂದು ತಿಳಿಸಲು ವಿಷಾದಿಸುತ್ತೇವೆ. ಅರ್ಜಿಯಲ್ಲಿ ಸಂಬಂಧಿಕರ ವಿವರ ಇಲ್ಲದ ಕಾರಣ ಅಂತ್ಯಸಂಸ್ಕಾರವನ್ನು ಆಸ್ಪತ್ರೆಯ ವತಿಯಿಂದಲೇ ನಡೆಸಲಾಗಿದೆ. ಮೃತರು ಬಿಟ್ಟಿರುವ ವಸ್ತುಗಳು: ಬಟ್ಟೆ ಎರಡು ಜೊತೆ, ಚಪ್ಪಲಿ ಒಂದು ಜೊತೆ, ಕನ್ನಡಕ ಒಂದು, ದಾರ ಕಟ್ಟಿದ ಕಾಗದಗಳ ಕಟ್ಟು ಒಂದು. ಕಟ್ಟನ್ನು ಬಿಚ್ಚಿರುವುದಿಲ್ಲ.

ಮೃತರಿಗೆ ರಕ್ತಸಂಬಂಧಿಕರು ಯಾರಾದರೂ ಇರುವುದು ತಮಗೆ ತಿಳಿದಿದ್ದಲ್ಲಿ ಹದಿನೈದು ದಿನಗಳೊಳಗೆ ಲಿಖಿತವಾಗಿ ತಿಳಿಸತಕ್ಕದ್ದು. ತಮ್ಮ ಘಟಕದ ಉಳಿದ ನಾಲ್ಕು ಅರ್ಜಿಗಳು ಅಕ್ಟೋಬರ್ ಸಭೆಯ ಮುಂದೆ ಬರಲಿವೆ.

ಕಾರ್ಯದರ್ಶಿ,
ಕೆಲಸಗಾರರ ಕಾಯಿಲೆ ಮಂಡಳಿ


ಸೆಪ್ಟೆಂಬರ್ ೨೭

ಕಾರ್ಯದರ್ಶಿಯವರಿಗೆ,

ಮಾನ್ಯರೇ,

ತಮ್ಮ ೧೪ರ ಪತ್ರ ತಲುಪಿದೆ. ಉತ್ತರಿಸಲು ತಡವಾದದ್ದಕ್ಕೆ ಕ್ಷಮೆ ಇರಲಿ.

ಮೃತರು ನಮ್ಮಲ್ಲಿ ಹದಿನಾಲ್ಕು ವರ್ಷ ಮಣಿಯ ತೂತು ಕೆರೆಯುವ ಕೆಲಸ ಮಾಡಿದರು. ಒಳ್ಳೆಯ ಕೆಲಸಗಾರ್ತಿ. ಅವರ ಕೈಯಿಂದ ಹೋದ ಒಂದು ಮಣಿಯೂ ತೂತು ಸರಿಯಿಲ್ಲವೆಂದು ವಾಪಸ್ ಬಂದದ್ದಿಲ್ಲ. ಕಾಗದದ ಕಟ್ಟನ್ನು ಬಿಚ್ಚುವ ಅಗತ್ಯವಿಲ್ಲ, ಅವು ಕೆಲಸಕ್ಕೆ ಸಂಬಂಧಪಟ್ಟ ಪತ್ರಗಳು. ಅಕ್ಟೋಬರ್ ಸಭೆಗೆ ನಾಲ್ವರನ್ನೂ ಕರೆದುಕೊಂಡು ನಾನೇ ಬರುತ್ತೇನೆ. ಬೇರೆ ಯಾರೂ ಕೇಳದಿದ್ದಲ್ಲಿ ಆ ವಸ್ತುಗಳನ್ನು ಮಾಲೀಕಳಾಗಿ ಅಂದೇ ಸಹಿ ಮಾಡಿ ತೆಗೆದುಕೊಳ್ಳುತ್ತೇನೆ.

ತಾವು ಕೇಳಿರುವ ವಿಷಯ: ನನಗೆ ತಿಳಿದಂತೆ ಅವರಿಗೆ ಯಾರೂ ಇರಲಿಲ್ಲ.

ಇಂತಿ,
ಮಾಲೀಕಳು